ಎಂಜಲಿನ ಸಾಕ್ಷ್ಯ

ನಮ್ಮ ಗೃಹಗಳಲ್ಲಿ ಎಂಜಲೆಂಬುದು ಎಷ್ಟು ವರ್ಜ್ಯವಾದುದೆಂಬುದನ್ನು ವಾಚಕ ಮಹಾಶಯರಿಗೆ ತಿಳಿಸಬೇಕಾದುದಿಲ್ಲ. ಸಂಸ್ಕೃತದಲ್ಲಿ ಉಂಡುಳಿದುದಕ್ಕೆ ಉಚ್ಛಿಷ್ಟವೆಂದೂ ಬಾಯಿಯ ನೀರಿಗೆ ಲಾಲಾ ಎಂದೂ ಬೇರೆಬೇರೆ ಹೆಸರುಗಳುಂಟು. ಕನ್ನಡದಲ್ಲಿ ಜೊಲ್ಲು, ಉಗುಳು ಎಂಬ ಮಾತುಗಳಿದ್ದರೂ, ಎಂಜಲೆಂಬ ಒಂದೇ ಪದವು ಎರಡನ್ನೂ ಸೇರಿಸಿ ದೂರವಿಟ್ಟಿದೆ. ಪ್ರಾಚೀನ ವೈದ್ಯರ ಅಷ್ಟಸ್ಥಾನ ಪರೀಕ್ಷೆಯಲ್ಲಿಯೂ ನಾಡಿ, ಮೂತ್ರ, ಮಲ, ಜಿಹ್ವೆ ಮೊದಲಾದವು ಇವೆಯೇ ಹೊರತು ಲಾಲೆಗೆ ಪ್ರತ್ಯೇಕ ಸ್ಥಾನವಿಲ್ಲ. ಇಂತಹ ಅನಾದೃತ ದ್ರವವೇ ಈಚೆಗೆ ರೋಗನಿರ್ಣಯದಲ್ಲಿ ಸಾಕ್ಷಿಯಾಗಿ ನಿಂತಿರುವುದು ವಿಚಾರಯೋಗ್ಯವಾದುದು.

2020ನೆಯ ಇಸವಿಯಲ್ಲಿ ಕೋವಿಡ್ ಹರಡಿದ್ದಾಗ ನಮ್ಮ ಅತ್ತಿಗೆಯವರಿಗೆ ಜ್ವರ ಬಂದಿತು. ಮೂಗಿನೊಳಗೆ ಕಡ್ಡಿಯಿಕ್ಕುವರೆಂಬ ಭಯದಿಂದ ಅವರು ಮೂರು ದಿನಗಳ ಕಾಲ "ನೆಗಡಿಯಷ್ಟೆ" ಎನ್ನುತ್ತ ಮೊಮ್ಮಕ್ಕಳಿಗೆ ಕೈತುತ್ತು ಹಾಕುತ್ತಲೇ ಇದ್ದರು. ನಾಲ್ಕನೆಯ ದಿನ ಪರೀಕ್ಷೆಯಾಗುವ ವೇಳೆಗೆ ಮನೆಯಲ್ಲಿ ಐವರು ಹಾಸಿಗೆ ಹಿಡಿದಿದ್ದರು. ದೈವಕೃಪೆಯಿಂದ ಎಲ್ಲರೂ ಗುಣಹೊಂದಿದರು. ಆದರೆ ಆ ಮೂರು ದಿನಗಳನ್ನು ಅತ್ತಿಗೆಯವರು ಇಂದಿಗೂ ಮರೆತಿಲ್ಲ.

ಅದೇ ವರ್ಷದ ಆರಂಭದಲ್ಲಿ ಹಾಂಗ್‌ಕಾಂಗಿನ ವೈದ್ಯರು 12 ಮಂದಿ ರೋಗಿಗಳ ಲಾಲೆಯನ್ನು ಪರೀಕ್ಷಿಸಿ 11 ಮಂದಿಯಲ್ಲಿ ಈ ವೈರಾಣುವನ್ನು ಕಂಡಿದ್ದರು. ಆಗಸ್ಟ್ ತಿಂಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರ ಲಾಲಾಪರೀಕ್ಷೆಗೆ ಅಲ್ಲಿಯ ಸರ್ಕಾರದ ತುರ್ತು ಅನುಮತಿ ದೊರೆಯಿತು. ನಮ್ಮ ದೇಶದಲ್ಲಿಯೂ, ಉಪ್ಪುನೀರಿನಿಂದ ಗಂಟಲನ್ನು ಮುಕ್ಕಳಿಸಿ ಕೊಳವೆಯಲ್ಲಿ ಉಗುಳುವ ಸಮೀಪದ ಕ್ರಮವೊಂದನ್ನು ನಾಗಪುರದ ನೀರಿ ಸಂಸ್ಥೆಯವರು ಕಲ್ಪಿಸಿದರು; ಅದಕ್ಕೆ 2021ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಮ್ಮತಿಯನ್ನಿತ್ತಿತು.

ಪರೀಕ್ಷೆಯ ಮರ್ಮವೇನೆಂದರೆ: ವೈರಾಣುವಿನ ವಂಶತಂತುವಿನ ಒಂದು ಭಾಗವನ್ನು ಯಂತ್ರವು ಒಂದು ಎರಡಾಗಿ, ಎರಡು ನಾಲ್ಕಾಗಿ ಇಮ್ಮಡಿಸುತ್ತ ಹೋಗುತ್ತದೆ. ಕೆಲವೇ ಆವೃತ್ತಿಗಳಲ್ಲಿ ಅದು ಕಾಣಿಸಿಕೊಂಡರೆ ವೈರಾಣು ಹೇರಳವಾಗಿದೆಯೆಂದೂ, ಬಹಳ ಆವೃತ್ತಿಗಳ ಮೇಲೆ ಕಾಣಿಸಿಕೊಂಡರೆ ಸ್ವಲ್ಪವೇ ಇದೆಯೆಂದೂ ತಿಳಿಯತಕ್ಕದ್ದು.

ಈ ಪ್ರಮಾಣದಿಂದ ರೋಗದ ಉಗ್ರತೆಯನ್ನೂ ಮುಂದಾಗಿ ಅರಿಯಬಹುದೆ? 2021ರಲ್ಲಿ ಯೇಲಿನ ಸಂಶೋಧಕರು, ಲಾಲೆಯಲ್ಲಿ ವೈರಾಣು ಹೆಚ್ಚಾಗಿದ್ದವರಲ್ಲಿ ಕಠಿಣ ರೋಗವೂ ಮರಣವೂ ಹೆಚ್ಚಾಗಿದ್ದುದನ್ನೂ, ಮೂಗಿನಿಂದ ತೆಗೆದ ದ್ರವವು ಅಷ್ಟು ಸ್ಪಷ್ಟವಾದ ಸುಳಿವನ್ನು ಕೊಡದಿದ್ದುದನ್ನೂ ತಿಳಿಸಿದರು. ಶ್ವಾಸಕೋಶದೊಳಗಿನ ವೈರಾಣುವು ಕಫದೊಡನೆ ಮೇಲೇರಿ ಬಾಯಿಯನ್ನು ಸೇರುವುದು ಇದಕ್ಕೆ ಕಾರಣವಿರಬಹುದೆಂದು ಅವರ ಊಹೆ.

ತರ್ಕಶಾಸ್ತ್ರದಲ್ಲಿ ಧೂಮವನ್ನು ಕಂಡು ಅಗ್ನಿಯನ್ನು ಅನುಮಾನಿಸುವುದುಂಟು. ಆದರೆ ಕಾದ ಕಬ್ಬಿಣದ ಉಂಡೆಯಲ್ಲಿ ಅಗ್ನಿಯಿದ್ದರೂ ಧೂಮವಿಲ್ಲವೆಂಬುದನ್ನೂ ಅದೇ ಶಾಸ್ತ್ರವು ಕಲಿಸುತ್ತದೆ. ಲಾಲೆಯಲ್ಲಿ ವೈರಾಣು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ನಿಶ್ಚಯಿಸಲಾಗದು. ಹೆಚ್ಚಾಗಿ ಕಂಡಿತೆಂದು ರೋಗಿಯ ಹಣೆಬರಹವನ್ನು ಓದಿದಂತೆಯೂ ಆಗದು. ಅನೇಕರಲ್ಲಿ ಕಂಡುಬಂದ ಸಂಬಂಧವು ಒಬ್ಬೊಬ್ಬನಿಗೂ ತಪ್ಪದೆ ಅನ್ವಯಿಸುವ ನಿಯಮವಲ್ಲ. ಆದುದರಿಂದ ವಯಸ್ಸು, ಹಳೆಯ ವ್ಯಾಧಿಗಳು, ಉಸಿರಾಟ, ರಕ್ತದಲ್ಲಿಯ ಆಮ್ಲಜನಕ ಇವುಗಳೊಡನೆ ಸೇರಿಸಿಯೇ ವೈದ್ಯರು ಈ ಸಾಕ್ಷ್ಯವನ್ನು ತೂಗಬೇಕು. ಉಬ್ಬಸ ಕಂಡರೆ ಯಾವ ಪರೀಕ್ಷೆಯ ಫಲಕ್ಕೂ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಗೃಹಸ್ಥರು ನೆನಪಿಡಬೇಕಾದುದು ಇಷ್ಟೆ. ಲಾಲೆಯನ್ನು ಕೊಡುವ ಮುನ್ನ ಅರ್ಧ ಗಂಟೆಯ ಕಾಲ ಏನನ್ನೂ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ, ತಾಂಬೂಲ ಹಾಕದೆ ಇರಬೇಕು. ಕೆಮ್ಮಿ ಕಫವನ್ನು ತೆಗೆಯದೆ, ಬಾಯಲ್ಲಿ ತಾನಾಗಿ ಊರಿದ ನೀರನ್ನು ಮೆಲ್ಲನೆ ಕೊಳವೆಗೆ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಡಮಾಡಬಾರದು. ಕೋವಿಡ್ ರೋಗದಲ್ಲಿ ವೈರಾಣು ಹೇರಳವಾಗಿರುವುದು ಮೊದಲ ವಾರದಲ್ಲಿ.

ನಮ್ಮ ಹಿರಿಯರು ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗಬಾರದೆಂದುದು ಮಡಿಯ ಮಾತಾಗಿ ತೋರಿದರೂ, ರೋಗಕಾಲದಲ್ಲಿ ಅದು ಹಿತವಚನವೇ ಸರಿ. ಆದರೆ ವೈದ್ಯನು ಕೇಳಿದಾಗ ಅದನ್ನು ಕೊಡಲು ನಾಚಬೇಕಾದುದಿಲ್ಲ. ಮೊನ್ನೆ ಈ ಬರಹವನ್ನು ಅತ್ತಿಗೆಯವರಿಗೆ ಓದಿ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಗುಳುವುದಷ್ಟೇ ಆಗಿದ್ದರೆ ಮೊದಲ ದಿನವೇ ಹೋಗುತ್ತಿದ್ದೆನಪ್ಪಾ" ಎಂದರು.