ಕಾಲಿಗೆ ರಜೆ ಕೊಡಿ, ಕಣ್ಣಿಗೆ ಕೊಡಬೇಡಿ!

ಶನಿವಾರ ಬೆಳಗ್ಗೆ ಕೆಂಗೇರಿ ದಾಟಿ ರಸ್ತೆ ಬದಿಯಲ್ಲಿ ಐದು ನಿಮಿಷ ನಿಂತು ನೋಡಿ. ಸಾಲು ಸಾಲು ಏಳು ಸೀಟಿನ ಗಾಡಿಗಳು. ಒಳಗೆ ಅಜ್ಜಿ, ಅಪ್ಪ, ಅವ್ವ, ಅಕ್ಕ, ಭಾವ, ತೊಡೆಯ ಮೇಲೆ ಮಗು. ಹಿಂದೆ ಬುತ್ತಿ ಗಂಟು, ಬ್ಯಾಗು. ಊರ ಹಬ್ಬಕ್ಕೋ, ಮದುವೆಗೋ ಹೊರಟ ಇಡೀ ಸಂಸಾರ. ಸ್ಟೇರಿಂಗ್ ಹಿಡಿದವರು ಯಾರು? ನೀವು! ಮನೆಯಲ್ಲಿ ಲೈಸೆನ್ಸ್ ಇರುವ ಹುಡುಗ, ಹುಡುಗಿ.

ಆ ಸ್ಟೇರಿಂಗ್ ಮೇಲೆ ಈಗ ಒಂದು ಗುಂಡಿ ಬಂದಿದೆ. ಕ್ರೂಸ್ ಕಂಟ್ರೋಲ್. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾದಿಂದ ಹಿಡಿದು ಬೇರೆ ಬೇರೆ ಕಂಪನಿಗಳ ಮನೆಮಂದಿಯ ಗಾಡಿಗಳವರೆಗೆ, ಮೇಲಿನ ದರ್ಜೆಯ ಮಾದರಿ ಕೊಂಡರೆ ಈ ಗುಂಡಿ ಸಿಗುತ್ತದೆ. ಒತ್ತಿದರೆ ಸಾಕು, ಆಕ್ಸಿಲರೇಟರ್ ತುಳಿಯದೆ ಗಾಡಿ ಒಂದೇ ವೇಗದಲ್ಲಿ ಓಡುತ್ತದೆ. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಕೇಳುವ ಮಾತು ಇದು: "ಸೆಟ್ ಮಾಡಿಬಿಟ್ಟೆ ಗುರೂ, ಮೈಸೂರುವರೆಗೂ ಕಾಲೇ ಮುಟ್ಟಿಸಲಿಲ್ಲ!"

ಇದು ಜಂಬ ಪಡುವ ಮಾತೇ? ಸ್ವಲ್ಪ ಯೋಚಿಸೋಣ.

ಈ ಸಾಧನ ಕಂಡುಹಿಡಿದವನು ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್. ಆತ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವನು. ಆತನ ವಕೀಲ ಮಿತ್ರ ಕಾರು ಓಡಿಸುವಾಗ ತಾನು ಮಾತಾಡಿದರೆ ನಿಧಾನ ಮಾಡುತ್ತಿದ್ದನಂತೆ, ಕೇಳಿಸಿಕೊಳ್ಳುವಾಗ ಜೋರು ಮಾಡುತ್ತಿದ್ದನಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಜಗ್ಗಾಟ ತಡೆಯಲಾಗದೆ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರಿಗೆ ಬಂತು. ನೂರಾರು ಮೈಲಿ ನೇರ ರಸ್ತೆ, ನಡುವೆ ದನವಿಲ್ಲ, ನಾಯಿಯಿಲ್ಲ. ಅಂಥ ದಾರಿಗೆ ಹುಟ್ಟಿದ ಸಾಧನ ಅದು.

ನಮ್ಮ ದಾರಿ ಯಾವುದು? ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ. 118 ಕಿಲೋಮೀಟರ್. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ತಿಂಗಳು ಒಂದು ಮಳೆಗೆ ರಾಮನಗರದ ಬಳಿ ನೀರು ನಿಂತಿತು. ಸಾವಿನ ಮೇಲೆ ಸಾವು ವರದಿಯಾದ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಗಂಟೆಗೆ 100 ಕಿ.ಮೀ. ಮಿತಿ ಹಾಕಿದರು, ಕ್ಯಾಮೆರಾ ಕೂರಿಸಿದರು.

ನ್ಯಾಯದ ಮಾತು ಮೊದಲು ಹೇಳಿಬಿಡುತ್ತೇನೆ. ಕ್ರೂಸ್ ಕಂಟ್ರೋಲ್ ಕೆಟ್ಟದ್ದಲ್ಲ. ಖಾಲಿ ರಸ್ತೆಯಲ್ಲಿ ಮೊಣಕಾಲಿಗೆ ಆರಾಮ. ನಮಗೇ ಗೊತ್ತಾಗದಂತೆ ಮುಳ್ಳು 120ಕ್ಕೆ ಏರುವುದಿಲ್ಲ, ಮನೆಗೆ ದಂಡದ ನೋಟಿಸು ಬರುವುದಿಲ್ಲ. 90ಕ್ಕೆ ಕಟ್ಟಿಹಾಕಿ ಎಡದ ಸಾಲಿನಲ್ಲಿ ಹೋಗುವವನಿಗೆ ಅದು ಒಳ್ಳೆಯ ಲಗಾಮು. ಆದರೆ ಲಗಾಮು ಇದೆಯೆಂದು ಸವಾರ ನಿದ್ದೆ ಹೋದರೆ ಕುದುರೆ ಏನು ಮಾಡೀತು?

ನನ್ನದೇ ಕಥೆ ಕೇಳಿ. ಒಂದು ಭಾನುವಾರ ಸಂಜೆ ಊರಿಂದ ಹಿಂತಿರುಗುತ್ತಿದ್ದೆವು. ಗಾಡಿಯಲ್ಲಿ ಏಳು ಜನ. ಮದ್ದೂರು ದಾಟಿದ ಮೇಲೆ 100ಕ್ಕೆ ಸೆಟ್ ಮಾಡಿ ಬಲಗಾಲು ಮಡಚಿ ಸೀಟಿನ ಕಡೆಗೆ ಎಳೆದುಕೊಂಡು ಹಾಯಾಗಿ ಕೂತೆ. ಅಕ್ಕನ ಮಗಳು ಹಾಡುತ್ತಿದ್ದಳು. ಮುಂದೆ ಹೋಗುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ನಿಧಾನವಾಯಿತು. ನನ್ನ ಕಾಲು ಬ್ರೇಕ್ ಹುಡುಕಿತು, ಸಿಗಲಿಲ್ಲ! ಗಾಡಿ ಮಾತ್ರ ಹೇಳಿದ ಮಾತು ಕೇಳುವ ಆಳಿನಂತೆ 100ರಲ್ಲೇ ನುಗ್ಗುತ್ತಿತ್ತು. ಕೊನೆಗೆ ಬ್ರೇಕ್ ಸಿಕ್ಕಿತು. ಲಾರಿಯ ಹಿಂಬದಿಗೆ ಒಂದು ಮಾರು ಉಳಿದಿತ್ತು. ಹಾಡು ನಿಂತಿತು. ಅವ್ವ ಮಗುವನ್ನು ತಬ್ಬಿ ಕೂತಿದ್ದರು. ಅಪ್ಪ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಕಾಲೆಲ್ಲಿ ಮಡಗಿದ್ದೆ ಮಗ?"

ಆ ಪ್ರಶ್ನೆಗೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ.

ಲೆಕ್ಕ ನೋಡಿ. 100ರಲ್ಲಿ ಓಡುವ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ನೀವು "ಅಯ್ಯೋ" ಎನ್ನುವಷ್ಟರಲ್ಲಿ ಕ್ರಿಕೆಟ್ ಪಿಚ್ಚಿಗಿಂತ ಹೆಚ್ಚು ದೂರ! ಮಡಚಿದ ಕಾಲನ್ನು ಬ್ರೇಕಿಗೆ ತರಲು ಅರ್ಧ ಸೆಕೆಂಡು ತಡವಾದರೆ 14 ಮೀಟರ್, ಅಂದರೆ ಒಂದು ಬಸ್ಸಿನುದ್ದ. 80ಕ್ಕಿಂತ 100ರಲ್ಲಿ ಡಿಕ್ಕಿಯ ಶಕ್ತಿ ಒಂದೂವರೆ ಪಟ್ಟು. ಇಷ್ಟಕ್ಕೆ ಸಿಗುವ ಲಾಭ? 118 ಕಿಲೋಮೀಟರಿಗೆ ಹದಿನೆಂಟು ನಿಮಿಷ. ಒಂದು ಮದ್ದೂರು ವಡೆ, ಒಂದು ಕಾಫಿಯ ಹೊತ್ತು!

ಆದ್ದರಿಂದ ಕೆಲವು ಮಾತು ನೆನಪಿಡಿ.

ಮಳೆ ಬಂದರೆ ಮೊದಲು ಕ್ರೂಸ್ ಆರಿಸಿ. ನೀರಿನ ಮೇಲೆ ಟೈರು ತೇಲಿದಾಗ ಕಾಲಲ್ಲಿ ಓಡಿಸುವವನು ಹೆದರಿ ಆಕ್ಸಿಲರೇಟರ್ ಬಿಡುತ್ತಾನೆ. ಯಂತ್ರಕ್ಕೆ ಹೆದರಿಕೆ ಎಲ್ಲಿಂದ ಬರಬೇಕು? ವೇಗ ಉಳಿಸಿಕೊಳ್ಳಲು ಅದು ಎಂಜಿನ್ನಿಗೆ ಇನ್ನಷ್ಟು ಬಲ ಕೊಟ್ಟೀತು. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ, ಊರ ನಡುವಿನ ರಸ್ತೆಯಲ್ಲಿ ಆ ಗುಂಡಿ ಮುಟ್ಟಲೇಬೇಡಿ. ನಿದ್ದೆ ಬರುತ್ತಿದ್ದರೆ ಗುಂಡಿ ಒತ್ತಬೇಡಿ, ಗಾಡಿ ನಿಲ್ಲಿಸಿ ಮುಖ ತೊಳೆಯಿರಿ. ಕಾಲನ್ನು ಸದಾ ಬ್ರೇಕಿನ ಹತ್ತಿರವೇ ಇಡಿ.

'ರೆಸ್ಯೂಮ್' ಎಂಬ ಗುಂಡಿಯ ಬಗ್ಗೆ ಎಚ್ಚರ! ಟೋಲ್‌ನಲ್ಲಿ ನಿಧಾನ ಮಾಡಿದ ಮೇಲೆ ಅದನ್ನು ಒತ್ತಿದರೆ ಗಾಡಿ ಹಳೆಯ 100ಕ್ಕೇ ಜಿಗಿಯಲು ಹೊರಡುತ್ತದೆ, ಮುಂದೆ ಯಾರಿದ್ದರೂ. ಹೊಸ ಗಾಡಿಗಳಲ್ಲಿ ರೇಡಾರ್ ಇದೆ, ಮುಂದಿನ ವಾಹನ ನೋಡಿ ತಾನೇ ನಿಧಾನ ಮಾಡುತ್ತದೆ, ನಿಜ. ಆದರೆ ನಿಂತ ಲಾರಿ, ಅಡ್ಡ ಬಂದ ಕರು, ಜಡಿಮಳೆ ಇವೆಲ್ಲ ಅದರ ಕಣ್ಣು ತಪ್ಪಬಹುದು. ಹೊಣೆ ನಿಮ್ಮದೇ, ರೇಡಾರಿನದಲ್ಲ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು. ಮೂರನೇ ಸಾಲಿನ ಅಜ್ಜಿಗೂ ಹಾಕಿಸಿ. ಮಗುವಿಗೆ ತೊಡೆ ಸೀಟಲ್ಲ.

ಕೊನೆಯದೊಂದು ಮಾತು. ನಾನು ಗಾಡಿ ಕೊಂಡ ಶೋರೂಮಿನಲ್ಲಿ ಕೊಟ್ಟ ದಪ್ಪ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಳೆಯ ಎಚ್ಚರಿಕೆ ಅದರಲ್ಲಿತ್ತು, ಸಣ್ಣ ಅಕ್ಷರದಲ್ಲಿ, ಯಾವುದೋ ಪುಟದ ಮೂಲೆಯಲ್ಲಿ. ನೀವೇನೋ ಓದಿಕೊಳ್ಳುತ್ತೀರಿ. ಬಾಡಿಗೆಗೆ ಓಡಿಸುವ ಚನ್ನಪಟ್ಟಣದ ಅಣ್ಣನಿಗೆ, ಮಗನ ಗಾಡಿ ಓಡಿಸುವ ಮಂಡ್ಯದ ಅಪ್ಪನಿಗೆ ಅದನ್ನು ಓದಿ ಹೇಳುವವರು ಯಾರು? ಪ್ರಾಣ ಉಳಿಸುವ ಎಚ್ಚರಿಕೆ ಕನ್ನಡದಲ್ಲಿರಲಿ ಎಂದು ಕೇಳುವುದು ಅತಿಯಾಸೆಯೇ? ಗಾಡಿ ಕೊಳ್ಳುವಾಗ ಕೇಳಿ. ಅಕ್ಸೆಸರೀಸ್ ಬಗ್ಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ಇದನ್ನೂ ಒಂದು ನಿಮಿಷ ಕೇಳಿ. ಅವರು ಕೊಡುವವರೆಗೂ ಮನೆಯವರಿಗೆ ನೀವೇ ಓದಿ ಹೇಳಿ.

ಗೆಳೆಯರೇ, ಯಂತ್ರ ಬರಲಿ, ಬೇಡವೆನ್ನುವವರು ಯಾರು? ಅದನ್ನು ಆಳಾಗಿ ದುಡಿಸಿಕೊಳ್ಳಿ, ಯಜಮಾನನಾಗಿ ಕೂರಿಸಬೇಡಿ. ನಿಮ್ಮ ಬೆನ್ನ ಹಿಂದೆ ಆರು ಜೀವಗಳು ನಿಮ್ಮನ್ನು ನಂಬಿ ಕಣ್ಣು ಮುಚ್ಚಿ ನಿದ್ದೆ ಹೋಗಿವೆ. ಅವರು ನಂಬಿರುವುದು ಗುಂಡಿಯನ್ನಲ್ಲ, ನಿಮ್ಮನ್ನು!