ದಾಕ್ಷಿಣ್ಯದ ಬೆಲೆ



"ಲಕ್ಷ ರೂಪಾಯಿ ಕೊಟ್ಟು ಬೈಕು ಕೊಳ್ಳುವವನು ಎರಡು ಸಾವಿರದ ವಾರಂಟಿಗೆ ಚೌಕಾಸಿ ಮಾಡುವುದೇ? ನೋಡಿದವರು ಏನೆಂದುಕೊಂಡಾರು?" ಈ ಮಾತನ್ನು ಕಳೆದ ಒಂದು ವರ್ಷದಲ್ಲಿ ನಾನು ಕನಿಷ್ಠ ಮೂರು ಬಾರಿ ಕೇಳಿದ್ದೇನೆ. ಹೇಳಿದವರು ಮೂವರೂ ಓದಿದವರು, ತಿಂಗಳ ಸಂಬಳ ಬರುವವರು. ಅವರಲ್ಲಿ ಇಬ್ಬರು ನನ್ನ ಶಿಷ್ಯರೇ ಆಗಿರುವುದರಿಂದ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಚೌಕಾಸಿ ಮಾಡಬೇಕು, ನಾಚಿಕೆಯಿಲ್ಲದೆ ಮಾಡಬೇಕು, ಅದರಲ್ಲೂ ಈ ವಾರಂಟಿಯ ವಿಷಯದಲ್ಲಿ ಮಾಡಲೇಬೇಕು ಎಂಬುದು ನನ್ನ ವಾದ.

ಮೊದಲು ಈ ವಸ್ತು ಏನೆಂದು ತಿಳಿಯೋಣ. ಹೊಸ ಬೈಕಿಗೆ ತಯಾರಕರು ಕೊಡುವ ವಾರಂಟಿ ಬೈಕಿನ ಬೆಲೆಯಲ್ಲಿಯೇ ಸೇರಿರುತ್ತದೆ. ಅದು ಮುಗಿದ ಮೇಲೆ ಇನ್ನೊಂದೆರಡು ವರ್ಷ ರಕ್ಷಣೆ ಕೊಡುತ್ತೇವೆಂದು ಪ್ರತ್ಯೇಕವಾಗಿ ಹಣ ಪಡೆಯುವುದು ವಿಸ್ತರಿತ ವಾರಂಟಿ. ಷೋರೂಮಿನವರ ಬಾಯಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ, ಕೊಟೇಷನ್ನಿನಲ್ಲಿ ಬರೀ ಎರಡಕ್ಷರದ 'ಇ.ಡಬ್ಲ್ಯೂ.' ಸೋಪಿನ ಪೊಟ್ಟಣದ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಇದರ ಮೇಲೆ ಏನೂ ಅಚ್ಚಾಗಿರುವುದಿಲ್ಲ. ಇದು ಪೊಟ್ಟಣದ ಪದಾರ್ಥವಲ್ಲ, ಒಂದು ಮಾತು. ಮಾತನ್ನು ಮಾರುವ ಡೀಲರಿಗೆ ಅದರಲ್ಲಿ ಒಂದು ಪಾಲು ಉಳಿಯುತ್ತದೆ. ಆ ಪಾಲು ಎಷ್ಟೆಂದು ಅವನು ನಮಗೆ ಹೇಳುವುದಿಲ್ಲ. ಬೆಲೆ ಅಚ್ಚಾಗಿಲ್ಲದ, ಲಾಭ ಎಷ್ಟೆಂದು ತಿಳಿಯದ ಸರಕನ್ನು ಕೇಳಿದಷ್ಟು ಕೊಟ್ಟು ತರುವುದಕ್ಕೆ ಗೌರವ ಎಂಬ ಹೆಸರು ಯಾವಾಗ ಬಂತು?

ನಮ್ಮ ಹಿರಿಯರಿಗೆ ಈ ಭ್ರಮೆ ಇರಲಿಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ನಮ್ಮ ತಂದೆ ಎತ್ತು ಕೊಳ್ಳುವಾಗ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ನಾಲ್ಕು ಬಾರಿ ಎದ್ದು ಹೋಗಿ, ಐದನೆಯ ಬಾರಿ ಕೂತು ಬೆಲೆ ಮುಗಿಸುತ್ತಿದ್ದರು. ಮಾರಿದವನೂ ಕೊಂಡವನೂ ಆಮೇಲೆ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಯಾರ ಮರ್ಯಾದೆಯೂ ಹೋಗಿದ್ದನ್ನು ನಾನು ಕಾಣೆ.

ಹಾಗಾದರೆ ಷೋರೂಮಿನ ಗಾಜಿನ ಬಾಗಿಲು ದಾಟಿದ ಕೂಡಲೇ ನಮ್ಮ ನಾಲಿಗೆ ಏಕೆ ಕಟ್ಟುತ್ತದೆ? ನನ್ನ ಪೀಳಿಗೆಯವರ ಮಟ್ಟಿಗೆ ಒಂದು ಕಾರಣ ನನಗೆ ಗೊತ್ತು. ಬಜಾಜ್ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಸರದಿ ಬಂದಾಗ ಡೀಲರು ಕರೆದರೆ ಅದೇ ದೊಡ್ಡ ಉಪಕಾರ. ಬಣ್ಣ ಕೇಳುವ ಧೈರ್ಯವೂ ಇರಲಿಲ್ಲ. ಮಾರುವವನ ಮುಂದೆ ಕೈಕಟ್ಟಿ ನಿಲ್ಲುವುದನ್ನು ನಾವು ಅಲ್ಲಿ ಕಲಿತೆವು. 1991ರ ನಂತರ ಆ ಸರದಿಯ ಕಾಲ ಹೋಯಿತು. ಈಗ ಒಂದೇ ರಸ್ತೆಯಲ್ಲಿ ಐದು ಕಂಪನಿಗಳ ಷೋರೂಮುಗಳಿವೆ, ಕರೆದು ಕಾಫಿ ಕೊಡುತ್ತಾರೆ. ಕಟ್ಟಿದ ಕೈಯನ್ನು ಮಾತ್ರ ನಾವು ಇನ್ನೂ ಬಿಚ್ಚಿಲ್ಲ, ಅದನ್ನೇ ಮಕ್ಕಳಿಗೂ ಕಲಿಸಿದ್ದೇವೆ.

ಎರಡನೆಯ ಕಾರಣ ದಾಕ್ಷಿಣ್ಯ. ಇದರ ಬಗ್ಗೆ ನಮ್ಮ ಅಜ್ಜಿ ಹೇಳುತ್ತಿದ್ದ ಗಾದೆಯೊಂದುಂಟು. ಮೇಷ್ಟ್ರಾದವನು ಬರೆಯತಕ್ಕದ್ದಲ್ಲ, ಬಲ್ಲವರು ಬಲ್ಲರು.

ಕಳೆದ ವರ್ಷ ನಮ್ಮ ಬೀದಿಯ ಗಾರೆ ಕೆಲಸದವರ ಮಗ, ನಾನು ನಿವೃತ್ತನಾಗುವ ವರ್ಷ ಎಂಟನೆಯ ತರಗತಿಯಲ್ಲಿದ್ದವನು, ಬೈಕು ಕೊಳ್ಳಲು ಹೊರಟಾಗ ಜೊತೆಗೆ ನನ್ನನ್ನೂ ಕರೆದ. ತುಮಕೂರಿನಲ್ಲಿ ಪಾರ್ಸೆಲ್ ತಲುಪಿಸುವ ಕೆಲಸ ಅವನದು. ಷೋರೂಮಿನವರು ಕೊಟ್ಟ ಕೊಟೇಷನ್ನಿನಲ್ಲಿ ಹನ್ನೊಂದು ಸಾಲುಗಳಿದ್ದವು. ಷೋರೂಮ್ ಬೆಲೆ, ಜೀವಾವಧಿ ರಸ್ತೆ ತೆರಿಗೆ, ನೋಂದಣಿ, ವಿಮೆ, ಅವುಗಳ ನಡುವೆಯೇ 'ಇ.ಡಬ್ಲ್ಯೂ. ಮತ್ತು ಆರ್.ಎಸ್.ಎ. 2,600', ಅದರ ಕೆಳಗೆ ಹೆಲ್ಮೆಟ್ಟು, ಹ್ಯಾಂಡ್ಲಿಂಗ್ ಶುಲ್ಕ. ಎಲ್ಲವೂ ಒಂದೇ ಗಾತ್ರದ ಅಕ್ಷರ. ಸರಕಾರಕ್ಕೆ ಸಲ್ಲುವುದು ಯಾವುದು, ಡೀಲರಿನ ಪೆಟ್ಟಿಗೆಗೆ ಸಲ್ಲುವುದು ಯಾವುದು ಎಂದು ತಿಳಿಯುವ ಗುರುತು ಒಂದೂ ಇಲ್ಲ. ಹುಡುಗ ಅದನ್ನೂ ತೆರಿಗೆಯೆಂದೇ ತಿಳಿದಿದ್ದ. ಹಾಗೆ ತಿಳಿಯಲಿ ಎಂದೇ ಆ ಸಾಲು ಅಲ್ಲಿ ಕೂತಿತ್ತು.

"ಇದು ಕಡ್ಡಾಯವೇನಪ್ಪಾ?" ಎಂದು ಕೇಳಿದೆ.

"ಎಲ್ಲರೂ ಹಾಕಿಸ್ತಾರೆ ಸಾರ್."

"ಕಡ್ಡಾಯವೇ ಎಂದು ಕೇಳಿದ್ದು."

"ಮೇಷ್ಟ್ರೇ, ನೀವು ನಮ್ಮಣ್ಣನಿಗೆ ಪಾಠ ಹೇಳಿದವರು. ನಿಮ್ಮ ಹತ್ತಿರ ಜಾಸ್ತಿ ತಗೊಳ್ತೀವಾ? ತಿಂಗಳಿಗೆ ತೊಂಬತ್ತನಾಲ್ಕು ರೂಪಾಯಿ ಬೀಳುತ್ತೆ, ಅಷ್ಟೇ."

ನೋಡಿ, ಪ್ರಶ್ನೆಗೆ ಉತ್ತರ ಬರಲಿಲ್ಲ, ಸಂಬಂಧ ಬಂತು. ಅಣ್ಣನ ಹೆಸರು ಬಂದ ಮೇಲೆ ಮತ್ತೆ ಕೇಳಿದವನು ಒರಟ ಎನಿಸಿಕೊಳ್ಳಬೇಕು. ಈ ಜಾಗದಲ್ಲಿಯೇ ನಮ್ಮ ಮಧ್ಯಮ ವರ್ಗದವರು ಎಲ್ಲರೂ ಸೋಲುವುದು.

ಆ ತೊಂಬತ್ತನಾಲ್ಕರ ಲೆಕ್ಕವನ್ನು ಬಿಡಿಸೋಣ. ಗಣಿತದ ಮೇಷ್ಟ್ರಿಗೆ ಇಷ್ಟು ಅಧಿಕಾರ ಕೊಡಿ. ವಾರಂಟಿಯ 2,600 ರೂಪಾಯಿಯನ್ನು ಸಾಲಕ್ಕೆ ಸೇರಿಸಿದ್ದರು. 'ಫ್ಲಾಟ್' ಶೇಕಡಾ 10ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ 780 ರೂಪಾಯಿ ಬಡ್ಡಿ, ಒಟ್ಟು 3,380, ಅದನ್ನು 36ರಿಂದ ಭಾಗಿಸಿದರೆ ಸುಮಾರು 94. ಫ್ಲಾಟ್ ಎಂದರೆ ಅಸಲು ಪ್ರತಿ ತಿಂಗಳು ಕರಗುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಅಸಲಿನ ಮೇಲೆಯೇ ಕಟ್ಟುವುದು. ಇಳಿಕೆ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಈ ಹತ್ತು ಸುಮಾರು ಹದಿನೆಂಟಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ಬಡ್ಡಿಯ ಲೆಕ್ಕ ಬಂದಾಗ "ಇದು ಜೀವನದಲ್ಲಿ ಎಲ್ಲಿ ಬರುತ್ತೆ ಸಾರ್?" ಎಂದು ಕೇಳುತ್ತಿದ್ದವರು ದಯವಿಟ್ಟು ಗಮನಿಸಿ, ಇಲ್ಲಿ ಬಂತು.

ಅದಕ್ಕಿಂತ ಮುಖ್ಯವಾದದ್ದು ವಾರಂಟಿ ಪತ್ರದಲ್ಲಿನ ಒಂದು ಸಣ್ಣ ಮಾತು: "ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅದು." ಆ ಹುಡುಗನಿಗೆ ತೋರಿಸಿದ ಕಾಗದದಲ್ಲಿ ಮೂಲ ವಾರಂಟಿ 3 ವರ್ಷ ಅಥವಾ 36,000 ಕಿ.ಮೀ.; ವಿಸ್ತರಿಸಿದರೆ ಒಟ್ಟು 5 ವರ್ಷ ಅಥವಾ 60,000 ಕಿ.ಮೀ. ಹುಡುಗ ದಿನಕ್ಕೆ 80 ಕಿಲೋಮೀಟರು ಓಡಿಸುತ್ತಾನೆ, ವರ್ಷಕ್ಕೆ 300 ದಿನ. ಅಂದರೆ 24,000. ಮೂಲ ವಾರಂಟಿ ಒಂದೂವರೆ ವರ್ಷಕ್ಕೆ ಮುಗಿಯಿತು. 'ಐದು ವರ್ಷ'ದ ವಿಸ್ತರಿತ ವಾರಂಟಿ ಎರಡೂವರೆ ವರ್ಷಕ್ಕೆ ಮುಗಿಯಿತು. ಸಾಲದ ಕಂತು ಮಾತ್ರ ಮೂರು ವರ್ಷ! ವಾರಂಟಿ ಸತ್ತ ಮೇಲೂ ಆರು ತಿಂಗಳು ಅದರ ತಿಥಿಯ ಖರ್ಚನ್ನು ಅವನೇ ಕೊಡಬೇಕು. ಇದರ ಜೊತೆಗೆ ಬಾಡಿಗೆಗೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಬಳಸಿದ ವಾಹನಕ್ಕೆ ವಾರಂಟಿ ಅನ್ವಯಿಸದು ಎಂಬ ಷರತ್ತು ಕೆಲವು ಕಂಪನಿಗಳಲ್ಲಿ ಇರುತ್ತದೆ. ಪಾರ್ಸೆಲ್ ಹುಡುಗರು ಅದನ್ನು ಹಣ ಕೊಡುವ ಮೊದಲೇ ಓದಿಸಿಕೊಳ್ಳಬೇಕು.

ನಾನು ಪಕ್ಕದ ತಾಲ್ಲೂಕಿನ, ಅದೇ ಕಂಪನಿಯ ಇನ್ನೊಬ್ಬ ಡೀಲರಿಗೆ ಫೋನು ಮಾಡಿದೆ. ಅದೇ ವಾರಂಟಿ, ಆರ್.ಎಸ್.ಎ. ಬಿಟ್ಟು, 1,900 ಎಂದರು. ಇವರ ಮುಂದೆ ಅದನ್ನು ಹೇಳಿದ ಐದು ನಿಮಿಷಕ್ಕೆ ಒಳಗಿನಿಂದ ಮ್ಯಾನೇಜರು ಬಂದು 1,800 ಎಂದರು. ಎಂಟುನೂರು ರೂಪಾಯಿ ಎಲ್ಲಿಗೆ ಹೋಯಿತು? ಅಣ್ಣನ ಮೇಷ್ಟ್ರಿಗೆ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂದಿದ್ದರಲ್ಲ! ಆದರೆ ಕಿಲೋಮೀಟರಿನ ಲೆಕ್ಕ ಮುಗಿದಿದ್ದರಿಂದ ಹುಡುಗ ಅದನ್ನು ಕೊಳ್ಳಲೇ ಇಲ್ಲ.

ಇದನ್ನು ಓದಿ, ಮೇಷ್ಟ್ರು ವಾರಂಟಿಯೇ ಬೇಡ ಎನ್ನುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆಗುತ್ತಿದ್ದ ಯೆಜ್ಡಿಯನ್ನು ನಮ್ಮ ಶಾಲೆಯ ವಿಜ್ಞಾನ ಮೇಷ್ಟ್ರು ಭಾನುವಾರಗಳಂದು ಅಂಗಳದಲ್ಲಿಯೇ ಬಿಚ್ಚಿ ಜೋಡಿಸುತ್ತಿದ್ದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆ ಬಗೆಯ ಬೈಕೂ ಹೋಯಿತು. 2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಸಾಮಾನ್ಯ ಬೈಕಿನಲ್ಲಿಯೂ ಕಾರ್ಬುರೇಟರಿನ ಬದಲು ಇಂಧನ ಚಿಮ್ಮಿಸುವ ಯಂತ್ರ, ಅದಕ್ಕೊಂದು ವಿದ್ಯುನ್ಮಾನ ಮಿದುಳು, ನಾಲ್ಕಾರು ಸೆನ್ಸರುಗಳು. ಅವು ಕೆಟ್ಟರೆ ಪೇಟೆಯ ಮೆಕ್ಯಾನಿಕ್ಕು ಕೈಚೆಲ್ಲುತ್ತಾನೆ, ಷೋರೂಮಿನ ಬಿಲ್ಲು ವಾರಂಟಿಯ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ದಿನಕ್ಕೆ 25 ಕಿಲೋಮೀಟರು ಓಡಿಸುವ ನನ್ನ ಭಾವಮೈದುನನಂಥವರಿಗೆ ಐದು ವರ್ಷಕ್ಕೆ 37,500 ಕಿ.ಮೀ.; ಅವನಿಗೆ ಇದು ಉಪಯುಕ್ತ. ಅವನು ಬೈಕು ಕೊಂಡ ದಿನ ಕೊಳ್ಳಲಿಲ್ಲ. ಅನೇಕ ಕಂಪನಿಗಳು ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ, ತಮ್ಮ ಯಾವ ಅಧಿಕೃತ ಡೀಲರಲ್ಲಾದರೂ ಇದನ್ನು ಕೊಳ್ಳಲು ಬಿಡುತ್ತವೆ. ತಡವಾದಷ್ಟೂ ಬೆಲೆ ತುಸು ಏರಬಹುದು. ಎರಡನೆಯ ವರ್ಷದ ಕೊನೆಗೆ ಇಬ್ಬರು ಡೀಲರುಗಳನ್ನು ಕೇಳಿ, ಕಡಿಮೆ ಹೇಳಿದವರಲ್ಲಿ ಮಾಡಿಸಿದ. "ಇವತ್ತು ಬಿಟ್ಟರೆ ಮತ್ತೆ ಸಿಗಲ್ಲ ಸಾರ್" ಎಂದು ಅವನಿಗೂ ಮೊದಲ ದಿನ ಹೇಳಿದ್ದರು.

ಕೊಳ್ಳುವವರು ಏನು ಕೊಳ್ಳುತ್ತಿದ್ದೇವೆಂದೂ ಓದಬೇಕು. ಟೈರು, ಬ್ರೇಕ್ ಷೂ, ಕ್ಲಚ್ ಪ್ಲೇಟು, ಚೈನು, ಬಲ್ಬುಗಳಂಥ ಸವೆಯುವ ಸಾಮಾನುಗಳು ಸಾಧಾರಣವಾಗಿ ಇದರಲ್ಲಿ ಸೇರುವುದಿಲ್ಲ. ಒಂದು ಸರ್ವೀಸು ತಪ್ಪಿದರೂ, ಹೊರಗೆ ಮಾಡಿಸಿದರೂ ವಾರಂಟಿ ನಿರಾಕರಿಸಲು ನೆಪ ಸಿಗುತ್ತದೆ. ದಾರಿಯಲ್ಲಿ ಕೆಟ್ಟರೆ ನೆರವಿಗೆ ಬರುವ ಆರ್.ಎಸ್.ಎ. ಎಷ್ಟೋ ವೇಳೆ ವಿಮೆಯಲ್ಲಿಯೇ ಸೇರಿದ್ದು, ಅದಕ್ಕೆ ಎರಡು ಸಲ ಹಣ ಕೊಡುತ್ತೇವೆ. ಹಣ ಕೊಟ್ಟವರು ಜಿ.ಎಸ್.ಟಿ. ಸಹಿತ ಪ್ರತ್ಯೇಕ ಬಿಲ್ಲನ್ನೂ ವಾರಂಟಿಯ ಪ್ರಮಾಣಪತ್ರವನ್ನೂ ಕೇಳಿ ಪಡೆದು, ಕಂಪನಿಯ ಸಹಾಯವಾಣಿಗೆ ಫೋನು ಮಾಡಿ, ತಮ್ಮ ಚಾಸಿ ಸಂಖ್ಯೆಗೆ ಅದು ನೋಂದಾಯಿತವಾಗಿದೆಯೇ ಎಂದು ಕೇಳಬೇಕು. ಹಣ ಡೀಲರಲ್ಲಿ, ಮಾತು ಗಾಳಿಯಲ್ಲಿ ಎಂದಾಗಬಾರದು.

ಕಾನೂನು ನಮ್ಮ ಕಡೆಗಿದೆ. ಒಂದು ವಸ್ತುವನ್ನು ಕೊಡಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಾತ್ಮಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯ ವ್ಯಕ್ತಿ ವಿಮೆ ಕಡ್ಡಾಯ, ನಿಜ. ಆದರೆ ಅದನ್ನು ಇದೇ ಡೀಲರಿನಿಂದ ಕೊಳ್ಳಬೇಕೆಂಬ ಕಡ್ಡಾಯ ಇಲ್ಲ. ಹೆಲ್ಮೆಟ್ಟಿನ ಮಾತಂತೂ ಇನ್ನೂ ಸ್ವಾರಸ್ಯ: ವಾಹನ ಮಾರುವಾಗ ತಯಾರಕರೇ ಹೆಲ್ಮೆಟ್ಟು ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮದಲ್ಲಿಯೇ ಇದೆ. 2025ರ ಸೆಪ್ಟೆಂಬರ್ 22ರಂದು 350 ಸಿ.ಸಿ.ವರೆಗಿನ ಬೈಕುಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿದಾಗ ಎಲ್ಲರೂ ಮೊದಲ ಸಾಲಿನ ಬೆಲೆಯನ್ನು ಕನ್ನಡಕ ಹಾಕಿಕೊಂಡು ನೋಡಿದೆವು. ಕೆಳಗಿನ ಸಾಲುಗಳನ್ನು ಎಷ್ಟು ಜನ ನೋಡಿದೆವು?

ಡೀಲರಿಗೆ ಬೈಕಿನ ಮೇಲೆ ಸಿಗುವುದು ಅಲ್ಪ, ಅವನು ಬದುಕುವುದೇ ವಿಮೆ, ವಾರಂಟಿ, ಬಿಡಿಭಾಗಗಳ ಮೇಲೆ ಎಂದು ಒಬ್ಬ ಶಿಷ್ಯ ವಾದಿಸಿದ. ಇರಬಹುದು. ಅವನ ಸಿಬ್ಬಂದಿಗೂ ಸಂಬಳ ಆಗಬೇಕು. ಆದರೆ ಆ ಖರ್ಚನ್ನು ಯಾರು ಭರಿಸುತ್ತಿದ್ದಾರೆ ನೋಡಿ. ಕೇಳಬಲ್ಲವನು ಕೇಳಿ ಕಡಿಮೆ ಮಾಡಿಸಿಕೊಳ್ಳುತ್ತಾನೆ. ಕೇಳಬಲ್ಲವನಾಗಿದ್ದೂ ಕೇಳದವನು "ಎಲ್ಲರೂ ಹಾಕಿಸ್ತಾರೆ" ಎಂಬ ಮಾತಿಗೆ ತಾನೇ ಸಾಕ್ಷಿಯಾಗುತ್ತಾನೆ. ಆ ಸಾಕ್ಷಿಯನ್ನು ತೋರಿಸಿ ಗಾರೆಯವರ ಮಗನಿಂದ ಪೂರ್ತಿ 2,600 ಬಡ್ಡಿ ಸಮೇತ ವಸೂಲಾಗುತ್ತದೆ. "ಎರಡು ಸಾವಿರ ನಮಗೇನು ಮಹಾ" ಎನ್ನುವ ನಮ್ಮ ದೊಡ್ಡತನದ ಬಿಲ್ಲು ಅವನ ಹೆಸರಿಗೆ ಹೋಗುತ್ತದೆ. ಅವನಿಗೆ ಅದು ಮೂರು ನಾಲ್ಕು ದಿನದ ದುಡಿಮೆ.

ಷೋರೂಮುಗಳಲ್ಲಿ ಕೆಲಸಕ್ಕಿರುವ ನನ್ನ ಶಿಷ್ಯರು ಹಲವರಿದ್ದೀರಿ. ನಿಮ್ಮ ಮೇಲೆ ತಿಂಗಳ ಗುರಿಯ ಒತ್ತಡ ಇರುವುದು ನನಗೆ ತಿಳಿಯದ್ದಲ್ಲ. ಯಾರಾದರೂ ಬಂದು "ಇದು ಕಡ್ಡಾಯವೇ?" ಎಂದು ಕೇಳಿದರೆ "ಅಲ್ಲ" ಎಂಬ ಎರಡಕ್ಷರ ಹೇಳಿ, ಆಮೇಲೆ ಅದರ ಗುಣಗಳನ್ನು ಎಷ್ಟು ಬೇಕಾದರೂ ವರ್ಣಿಸಿ. ಅಷ್ಟನ್ನು ಕೇಳುವ ಹಕ್ಕು ನಿಮ್ಮ ಮೇಷ್ಟ್ರಿಗಿದೆ.

ಮೋಸವಾಗಿದೆ ಎನಿಸಿದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಹಬ್ಬಕ್ಕೆ ಬೈಕು ಕೊಳ್ಳಬೇಕೆಂದಿರುವ ಊರಿನ ಹುಡುಗರು ಮುಂಗಡ ಕಟ್ಟುವ ಮೊದಲು ಕೊಟೇಷನ್ನು ಹಿಡಿದುಕೊಂಡು ಮನೆಗೆ ಬನ್ನಿ. ಸಂಜೆ ನಾಲ್ಕರ ಮೇಲೆ ಇರುತ್ತೇನೆ. ದಿನಕ್ಕೆ ಎಷ್ಟು ಕಿಲೋಮೀಟರು ಓಡಿಸುತ್ತೀರಿ ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿಕೊಂಡು ಬನ್ನಿ, ಅಂದಾಜು ಹೇಳಬೇಡಿ.