ಕವರು ಅಂದರೆ ಯಾವ ಕವರು?

ಸೋದರಿಯರೇ, ನಮಗೆ ಇಂಗ್ಲಿಷ್ ಅಷ್ಟಾಗಿ ಬಾರದು ಅಂತ ಎಷ್ಟೇ ಹೇಳಿಕೊಂಡರೂ ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಒಂದು ಇಂಗ್ಲಿಷ್ ಮಾತಿದೆ. ಅದೇ ‘ಕವರು’. ಹಾಲಿನ ಕವರು ಕತ್ತರಿಸುವುದರಿಂದಲೇ ನಮ್ಮ ಬೆಳಗು ಶುರು. ಆಮೇಲೆ ದಿಂಬಿನ ಕವರು ಒಗೆಯಬೇಕು, ಮಗಳ ಪುಸ್ತಕದ ಕವರು ಹರಿದಿದೆ, ಮಿಕ್ಸಿಯ ಕವರಿಗೆ ಎಣ್ಣೆ ಜಿಡ್ಡು, ಮೊಬೈಲಿಗೆ ಹೊಸ ಕವರು ಬೇಕಂತೆ. ಸಂಜೆ ತರಕಾರಿಯವನ ಹತ್ತಿರ “ಒಂದು ಕವರ್ ಕೊಡಪ್ಪಾ” ಅನ್ನದಿದ್ದರೆ ಕೊತ್ತಂಬರಿ ಸೊಪ್ಪು ಮನೆ ಸೇರುವುದಿಲ್ಲ.

ಹಿಂದೆ ಇವಕ್ಕೆಲ್ಲ ಬೇರೆ ಬೇರೆ ಹೆಸರಿತ್ತು. ದಿಂಬಿಗೆ ಗವಸು, ಕಾಗದಕ್ಕೆ ಲಕೋಟೆ, ಪುಸ್ತಕಕ್ಕೆ ಹೊದಿಕೆ, ಸಾಮಾನಿಗೆ ಚೀಲ. ಈಗ ಎಲ್ಲಕ್ಕೂ ಕವರೇ. ಆದರೂ ಯಾರೂ ತಬ್ಬಿಬ್ಬಾಗುವುದಿಲ್ಲ ನೋಡಿ! ಅಡುಗೆಮನೆಯಿಂದ “ಕವರು ತಗೊಂಡು ಬಾ” ಅಂದರೆ ಮಗ ಪ್ಲಾಸ್ಟಿಕ್ ಚೀಲ ತರುತ್ತಾನೆ. ಮದುವೆಗೆ ಹೊರಡುವಾಗ ಅದೇ ಮಾತು ಹೇಳಿದರೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರು ತರುತ್ತಾನೆ.

ಚೀಲಕ್ಕೆ ಕವರು ಅನ್ನುವುದು ನಮ್ಮ ದಕ್ಷಿಣದ ಕಡೆಯ ರೂಢಿ. ದಿಲ್ಲಿಯ ಅಂಗಡಿಯಲ್ಲಿ ಕೇಳಿದರೆ ಆತ ಮುಖ ನೋಡಿಯಾನು, ಅಲ್ಲಿ ಅದು ಥೈಲಿ. ಇಂಗ್ಲಿಷಿನವರಿಗೂ ಅದು ಬ್ಯಾಗು. ಅಂದಹಾಗೆ ಈ ಕವರನ್ನು ಮರೆಯಬೇಕಾದ ಕಾಲವೂ ಬಂದಿದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದರು. 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದದ್ದು ದೇಶದಲ್ಲೆಲ್ಲೂ ಕೂಡದು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಗಾಳಿಗೆ ಹಾರುವ ಆ ತೆಳು ಕವರು ಇದರ ಹತ್ತಿರಕ್ಕೂ ಬರುವುದಿಲ್ಲ. ಬಾಗಿಲ ಹಿಂದೆ ಮೊಳೆಗೆ ಎರಡು ಬಟ್ಟೆ ಚೀಲ ತಗುಲಿಹಾಕಿಬಿಡಿ, ಸಾಕು.

ಕುತೂಹಲಕ್ಕೆ ಮಗಳ ನಿಘಂಟು ತೆಗೆದು ನೋಡಿದೆ. ಈ ಮಾತು ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದಂತೆ, ಮುಚ್ಚು ಅನ್ನುವುದೇ ಮೂಲ ಅರ್ಥ. ನಾವು ಸೊಂಟಕ್ಕೆ ಸಿಕ್ಕಿಸುವ ಕರ್ಚೀಫೂ ಇದೇ ಬಳಗದ್ದು, ಅದರ ಹಳೆಯ ಅರ್ಥ ತಲೆವಸ್ತ್ರ. ಇನ್ನು ಕರ್ಫ್ಯೂ ಅಂದರೆ ‘ಬೆಂಕಿ ಮುಚ್ಚು’. ಹಿಂದೆ ಯೂರೋಪಿನ ಊರುಗಳಲ್ಲಿ ರಾತ್ರಿ ಗಂಟೆ ಬಾರಿಸಿದರೆ ಒಲೆಯ ಕೆಂಡ ಮುಚ್ಚಬೇಕಿತ್ತು, ಮನೆಗೆ ಬೆಂಕಿ ಬೀಳದಿರಲಿ ಅಂತ. ನಮ್ಮ ಅಜ್ಜಿಯರು ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚುತ್ತಿರಲಿಲ್ಲವೇ, ಹಾಗೇ!

ಮನೆಯೊಳಗಿನ ಕವರುಗಳನ್ನು ಕಣ್ಣಿಂದ ನೋಡಬಹುದು. ಕಣ್ಣಿಗೆ ಕಾಣದ ಒಂದು ಕವರಿದೆ, ವಿಮೆಯ ಕವರು. ಅದರಲ್ಲಿ ಮಾತ್ರ ‘ಯಾವ ಕವರು’ ಅಂತ ಕೇಳದೆ ಬಿಡಬಾರದು. ನಮ್ಮ ಬೀದಿಯ ಒಬ್ಬಾಕೆಯ ಯಜಮಾನರು 46ನೇ ವಯಸ್ಸಿಗೆ ಎದೆನೋವಿನಿಂದ ತೀರಿಕೊಂಡರು. “ಬ್ಯಾಂಕಿನಲ್ಲಿ 2 ಲಕ್ಷದ ಕವರ್ ಇದೆ ಅಂತ ಅವರೇ ಹೇಳಿದ್ರು ಅಕ್ಕಾ” ಅಂತ ಆಕೆ ಪಾಸ್‌ಬುಕ್ ಹಿಡಿದು ಬಂದಳು. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾದದ್ದೂ ಅದರಲ್ಲಿತ್ತು. ಆದರೆ ಅದು ಅಪಘಾತಕ್ಕೆ ಮಾತ್ರ ಇರುವ ಕವರು. ಕಾಯಿಲೆಯಿಂದ ಹೋದವರಿಗೆ ಅದರಿಂದ ಬಿಡಿಗಾಸೂ ಇಲ್ಲ. ಬ್ಯಾಂಕಿನವರದ್ದೂ ತಪ್ಪಿಲ್ಲ, ಆಕೆಯದ್ದೂ ಇಲ್ಲ. ಮನೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಹಾಗಾಗಿ ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. 2015ರಲ್ಲಿ ಶುರುವಾದ ಎರಡು ಸರ್ಕಾರಿ ವಿಮೆಗಳು ಬ್ಯಾಂಕು, ಅಂಚೆ ಕಚೇರಿ ಎರಡರಲ್ಲೂ ಸಿಗುತ್ತವೆ. ಮೊದಲನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ. ಎರಡನೆಯದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ. ವರ್ಷಕ್ಕೆ 436 ರೂಪಾಯಿ, 18ರಿಂದ 50ರೊಳಗೆ ಸೇರಬೇಕು, 55ರವರೆಗೆ ಮುಂದುವರಿಸಬಹುದು. ಇದರಲ್ಲಿ ಸಾವು ಕಾಯಿಲೆಯಿಂದಾದರೂ 2 ಲಕ್ಷ ಸಿಗುತ್ತದೆ. ಹೆಸರು ಹತ್ತಿರ ಹತ್ತಿರ, ಮೊತ್ತವೂ ಒಂದೇ, ಅರ್ಥ ಮಾತ್ರ ಬೇರೆ. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಕವರು ನಿಂತುಹೋಗಬಹುದು.

ಮೂರು ಪ್ರಶ್ನೆ ಸಾಕು. ಯಾವುದಕ್ಕೆ ಕವರು? ಎಲ್ಲಿಯವರೆಗೆ? ನಾಮಿನಿ ಯಾರು? ಊಟವಾಗಿ ಯಜಮಾನರು ಎಲೆಅಡಿಕೆಗೆ ಕೂತಾಗ ಮೆಲ್ಲಗೆ ಕೇಳಿ. “ಈಗೇಕೆ ಅಪಶಕುನದ ಮಾತು” ಅಂದರೆ ನಕ್ಕುಬಿಡಿ, ಆದರೆ ಪಾಸ್‌ಬುಕ್ ತರಿಸಿ ನೋಡದೆ ಏಳಬೇಡಿ. ನಿಮ್ಮ ಹೆಸರಿನ ಖಾತೆಗೂ ಕವರು ಮಾಡಿಸಿ. ಮನೆ ನಡೆಸುವವಳ ಜೀವಕ್ಕೂ ಬೆಲೆಯಿದೆ, ಅಲ್ಲವೇ?

ಆ ಕಾಗದಗಳನ್ನೆಲ್ಲ ಒಂದೇ ಕಡೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ ‘ವಿಮೆ’ ಅಂತ ಬರೆದು, ಇಟ್ಟ ಜಾಗವನ್ನು ಮಕ್ಕಳಿಗೂ ತೋರಿಸಿಡಿ. ಯಾವುದರಲ್ಲಿ ಹಾಕಬೇಕು ಅಂತೀರಾ? ಒಂದು ಗಟ್ಟಿ ಕವರಿನಲ್ಲಿ!